ನಡಿಗೆ ಬಿಟ್ಟು ಊರು ಸೇರುವ ಹೊತ್ತು

ಪಾದಯಾತ್ರೆಗೆ ಹೊರಡುವವರು ಯೋಚಿಸದ ಸಂಗತಿ ಇಲ್ಲ. ಕಟಕಟಿ ರೊಟ್ಟಿ ಎಷ್ಟು, ಶೇಂಗಾ ಚಟ್ನಿ ಎಷ್ಟು, ಮೊದಲ ರಾತ್ರಿ ಯಾವ ಮಠದಲ್ಲಿ ವಸತಿ, ದಾಸೋಹ ಎಲ್ಲೆಲ್ಲಿ ಸಿಗುತ್ತದೆ, ಹಾಸಿಗೆ ಹೊದಿಕೆ ಹೊರುವ ಗಾಡಿ ಯಾರದು, ಎಲ್ಲವೂ ಹದಿನೈದು ದಿನ ಮೊದಲೇ ತೀರ್ಮಾನವಾಗಿರುತ್ತದೆ. ಹತ್ತಿಮತ್ತೂರು, ಸವಣೂರು, ಶಿಗ್ಗಾವಿ ಸುತ್ತಲಿನ ಹಳ್ಳಿಗಳಿಂದ ಭಾರತ ಹುಣ್ಣಿಮೆಗೆ ಉಳವಿಗೆ, ಮೈಲಾರಕ್ಕೆ, ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಯುಗಾದಿ ಮುಂದಿಟ್ಟುಕೊಂಡು ಶ್ರೀಶೈಲಕ್ಕೆ ನಡೆದು ಹೋಗುವ ರೂಢಿ ಹಳೆಯದು. ಹಾನಗಲ್ಲ ಕಡೆಯವರಿಗೆ ಶಿರಸಿಯ ಮಾರಿಕಾಂಬೆ, ಹಿರೇಕೆರೂರ ಕಡೆಯವರಿಗೆ ಚಂದ್ರಗುತ್ತಿಯ ರೇಣುಕಾಂಬೆ ಹತ್ತಿರ. ಹೋಗುವ ದಾರಿಯ ಬಗ್ಗೆ ಹಿರಿಯರಿಗೆ ಇರುವ ತಿಳಿವಳಿಕೆ ಯಾವ ನಕ್ಷೆಯಲ್ಲೂ ಸಿಗದು. ಆದರೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ನಡಿಗೆ ಮುಗಿದಾಗ, ಇಲ್ಲವೇ ನಡುವೆಯೇ ನಿಲ್ಲಿಸಬೇಕಾದಾಗ, ಆ ಕಾಲ್ದಾರಿಯಿಂದ ಹತ್ತಿರದ ಪೇಟೆಗೆ, ಅಲ್ಲಿಂದ ಮನೆಗೆ ಹೋಗುವುದು ಹೇಗೆ? 'ಏನರ ಸಿಗತೈತಿ ಬಿಡ್ರಿ' ಎಂಬಲ್ಲಿಗೆ ಆ ಮಾತು ಮುಗಿಯುತ್ತದೆ. ಈ ಲೇಖನದ ವಾದ ಇಷ್ಟೇ: ದೂರದ ನಡಿಗೆಯಲ್ಲಿ ಅಪಾಯ ಹೆಚ್ಚಾಗಿ ಕೂಡುವುದು ಕಾಡಿನಲ್ಲೂ ಅಲ್ಲ, ಗುಡ್ಡದಲ್ಲೂ ಅಲ್ಲ. ಕಾಲ್ದಾರಿ ಡಾಂಬರು ರಸ್ತೆಯನ್ನು ಸೇರುವ ಜಾಗದಿಂದ ಪೇಟೆಯ ಬಸ್ ನಿಲ್ದಾಣದವರೆಗಿನ ಆ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ ಅದು ಕೂಡುತ್ತದೆ. ಆದ್ದರಿಂದ ಆ ತುಂಡಿಗೆ ವಾಹನವನ್ನೂ ಹೊತ್ತನ್ನೂ ಮನೆ ಬಿಡುವ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಇದು ಬರೀ ಅಂಜಿಕೆಯ ಮಾತಲ್ಲ ಎನ್ನುವುದಕ್ಕೆ ನಮ್ಮ ಹಾವೇರಿ ಜಿಲ್ಲೆಯೇ ಸಾಕ್ಷಿ ಕೊಟ್ಟಿದೆ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟಿಟಿ (ಟೆಂಪೊ ಟ್ರಾವೆಲರ್) ವಾಹನ ಹಿಂದಿನಿಂದ ಬಡಿದು 13 ಮಂದಿ ತೀರಿಕೊಂಡರು. ಅವರು ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದವರು. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಸಂತೆಗೆ ಹೊರಟಿದ್ದ ಹಣ್ಣು–ತರಕಾರಿ ವ್ಯಾಪಾರಸ್ಥರ ಲಾರಿ ಯಲ್ಲಾಪುರ ತಾಲ್ಲೂಕಿನ ಘಟ್ಟದ ರಸ್ತೆಯಲ್ಲಿ ಕಂದಕಕ್ಕೆ ಉರುಳಿತು. ಸರಕಿನ ಜೊತೆಗೇ ಕುಳಿತಿದ್ದವರಲ್ಲಿ 10 ಮಂದಿ ಉಳಿಯಲಿಲ್ಲ. ಮೊದಲನೆಯದು ಪ್ರಯಾಣಿಕರಿಗೆಂದೇ ಮಾಡಿದ ವಾಹನ, ಎರಡನೆಯದು ಸರಕಿನ ವಾಹನ. ಎರಡರಲ್ಲೂ ಸಮಾನವಾದದ್ದು ಹೊತ್ತು: ಚಾಲಕನ ಕಣ್ಣು ಎಳೆಯುವ, ರಸ್ತೆಯ ಅಂಚು ಕಾಣದ ನಸುಕು. ಈ ಎರಡು ಘಟನೆಗಳಲ್ಲಿ ಯಾರೂ ಪಾದಯಾತ್ರಿಗಳಾಗಿರಲಿಲ್ಲ, ನಿಜ. ಆದರೆ ಪಾದಯಾತ್ರಿ ನಡಿಗೆ ಮುಗಿಸಿ ಹತ್ತುವುದು ಇಂಥವೇ ವಾಹನಗಳನ್ನು, ಬಹಳ ಸಲ ಇಂಥದೇ ಹೊತ್ತಿನಲ್ಲಿ. ಟಿಟಿ ಗೊತ್ತು ಮಾಡಿಕೊಂಡು ರಾತ್ರಿಯಿಡೀ ಓಡಿಸಿ 'ಬೆಳಗಾಗೂದ್ರಾಗ ಮನಿ ಮುಟ್ಟೋಣ' ಎನ್ನುವುದು ಪ್ರತಿ ಜಾತ್ರೆಯ ನಂತರ ಕೇಳುವ ಮಾತು.

ನಡೆದು ದಣಿದವನಿಗೆ ಈ ತುಂಡು ಏಕೆ ಹೆಚ್ಚು ಕೆಟ್ಟದ್ದು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಬೆಳಿಗ್ಗೆ ತಾಸಿಗೆ ನಾಲ್ಕೂವರೆ ಕಿಲೋಮೀಟರ್ ನಡೆಯುವ ಕಾಲು, ಪಾದದಲ್ಲಿ ಬೊಬ್ಬೆ ಎದ್ದ ಮೂರನೆಯ ದಿನದ ಸಂಜೆ ಮೂರರ ಮೇಲೆ ಹೋಗುವುದಿಲ್ಲ. ಐದು ಗಂಟೆಗೆ ರಸ್ತೆಗೆ ಬಂದವನಿಗೆ ಪೇಟೆ ಎಂಟು ಕಿಲೋಮೀಟರ್ ದೂರ ಇದ್ದರೆ ಅವನು ಅಲ್ಲಿಗೆ ಮುಟ್ಟುವುದು ಏಳೂವರೆಯ ಮೇಲೆ. ಫೆಬ್ರವರಿ–ಮಾರ್ಚಿನಲ್ಲಿ ನಮ್ಮ ಕಡೆ ಆರೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಕೊನೆಯ ಒಂದು ತಾಸು ಕತ್ತಲಲ್ಲಿ, ಅಂಚಿಗೆ ಮಣ್ಣು ಕೊರೆದ ರಸ್ತೆಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಕಳೆಯುತ್ತದೆ. ಇನ್ನು ಚಾಲಕನ ಕಡೆಯಿಂದ ನೋಡೋಣ. ತಾಸಿಗೆ 60 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಏನೋ ಕಂಡಿತೆಂದು ತಿಳಿದು ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ–ಎರಡು ಸೆಕೆಂಡು ಹೋಗುತ್ತದೆ, ಅಷ್ಟರಲ್ಲಿ 25ರಿಂದ 33 ಮೀಟರ್ ಮುಗಿದಿರುತ್ತದೆ, ಆಮೇಲೆ ವಾಹನ ನಿಲ್ಲಲು ಇನ್ನೂ ಇಪ್ಪತ್ತು ಮೀಟರ್ ಮೇಲೆಯೇ ಬೇಕು. ಲಾರಿಗೆ ಇನ್ನಷ್ಟು. ಕಪ್ಪು ಇಲ್ಲವೇ ಗಾಢ ಬಣ್ಣದ ಬಟ್ಟೆ ತೊಟ್ಟವನು ಡಿಮ್ ಬೆಳಕಿನಲ್ಲಿ ಐವತ್ತು ಮೀಟರಿಗಿಂತ ಹತ್ತಿರ ಬಂದ ಮೇಲೆಯೇ ಕಣ್ಣಿಗೆ ಬೀಳುತ್ತಾನೆ. ಅಂದರೆ ಕಂಡಾಗ ಹೊತ್ತು ಮೀರಿರುತ್ತದೆ. ಚೀಲದ ಹಿಂದೆ, ಕೋಲಿನ ತುದಿಗೆ ಅಂಗೈ ಅಗಲದ ರೇಡಿಯಂ ಪಟ್ಟಿ ಅಂಟಿಸಿದರೆ ಅದು ನೂರೈವತ್ತು ಮೀಟರಿನಿಂದಲೇ ಹೊಳೆಯುತ್ತದೆ. ವಾಹನಗಳಿಗೆ ಸ್ಟಿಕ್ಕರ್ ಅಂಟಿಸುವ ಯಾವ ಅಂಗಡಿಯಲ್ಲೂ ಅದು ಸಿಗುತ್ತದೆ. ಚಕ್ಕಡಿಯ ಹಿಂಬದಿಗೂ ನೊಗಕ್ಕೂ ಅದನ್ನು ಹಚ್ಚಬೇಕು. ಎತ್ತುಗಳಿಗೆ ಗೊಂಡೆ, ಕೊಂಬಣಸು, ಝೂಲ ತೊಡಿಸಲು ಖರ್ಚು ಮಾಡುವ ರೊಕ್ಕದಲ್ಲಿ ಇದು ಯಾವ ಲೆಕ್ಕಕ್ಕೂ ಬಾರದು. ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯುವುದು ಮುಖ್ಯ. ಭಜನೆ ಹೇಳುತ್ತ ನಾಲ್ಕು ಜನ ಸಾಲಾಗಿ ರಸ್ತೆ ತುಂಬಿ ನಡೆಯುವುದು ಹೊಲದ ದಾರಿಗೆ ಸರಿ, ಡಾಂಬರಿಗೆ ಅಲ್ಲ.

ಈಗ ವಾಹನದ ಮಾತು. ರಸ್ತೆಗೆ ಬಂದು ನಿಂತ ದಣಿದ ಗುಂಪಿನ ಮುಂದೆ ಮೊದಲು ನಿಲ್ಲುವುದು ಸಾಮಾನ್ಯವಾಗಿ ಬಸ್ಸಲ್ಲ. ಖಾಲಿ ಮರಳುತ್ತಿರುವ ಟ್ರ್ಯಾಕ್ಟರ್ ಟ್ರೇಲರ್, ಟಾಟಾ ಏಸ್, ಮಿನಿ ಲಾರಿ. 'ಹತ್ರಿ, ಪ್ಯಾಟಿಗೆ ಬಿಡ್ತೇವಿ' ಎನ್ನುವವರಲ್ಲಿ ಕೆಡುಕು ಇರುವುದಿಲ್ಲ. ಆದರೆ ಸರಕಿನ ವಾಹನದಲ್ಲಿ ಹಿಡಿದುಕೊಳ್ಳಲು ಕಂಬಿ ಇಲ್ಲ, ಕೂರಲು ಸೀಟಿಲ್ಲ. ತಿರುವಿನಲ್ಲಿ ಟ್ರೇಲರ್ ವಾಲಿದರೆ ಒಳಗಿನವರೆಲ್ಲ ಒಂದೇ ಬದಿಗೆ ಬೀಳುತ್ತಾರೆ, ಆ ಭಾರವೇ ಟ್ರೇಲರನ್ನು ಇನ್ನಷ್ಟು ಮಗುಚುತ್ತದೆ. ಕಾನೂನಿನ ಲೆಕ್ಕ ಇದಕ್ಕಿಂತ ಕಠೋರ. 1994ರ ತಿದ್ದುಪಡಿ ಮೋಟಾರು ವಾಹನ ಕಾಯಿದೆಯ ವಿಮಾ ರಕ್ಷಣೆಯನ್ನು ಸರಕಿನ ಮಾಲೀಕ ಮತ್ತು ಅವನ ಪ್ರತಿನಿಧಿಗೆ ವಿಸ್ತರಿಸಿತು, ಬಿಟ್ಟಿ ಪ್ರಯಾಣಿಕನಿಗೆ ಅಲ್ಲ. ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರ ಡಿಸೆಂಬರಿನಲ್ಲಿ ಇದನ್ನೇ ಸ್ಪಷ್ಟಪಡಿಸಿತು: ಸರಕು ವಾಹನದಲ್ಲಿ ಪುಕ್ಕಟೆ ಹತ್ತಿದವರಿಗೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಯದಲ್ಲ. ಅಲ್ಲಿಂದ ಮುಂದೆ ಪರಿಹಾರ ಕೊಡಬೇಕಾದವನು ವಾಹನದ ಮಾಲೀಕ. ಅವನು ಬಹಳ ಸಲ ಒಂದೇ ಟ್ರ್ಯಾಕ್ಟರನ್ನು ಸಾಲದಲ್ಲಿ ಕೊಂಡ ನಮ್ಮಂಥದೇ ರೈತ. ಹೀಗೆ ಒಂದು ಉಪಕಾರ ಎರಡು ಮನೆಗಳನ್ನು ಮುಳುಗಿಸುತ್ತದೆ. ಕೆಲವು ಪ್ರಕರಣಗಳಲ್ಲಿ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಎಂದು ನ್ಯಾಯಾಲಯಗಳು ಹೇಳಿದ್ದುಂಟು, ಆದರೆ ಅದನ್ನು ನಂಬಿ ಟ್ರೇಲರ್ ಹತ್ತುವುದು ಜಾಣತನವಲ್ಲ. ಬೈಕಿನ ಹಿಂದೆ ಕೂರುವುದಕ್ಕೂ ಇಂಥದೇ ತೊಡಕಿದೆ. ಬೈಕಿಗೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಹಿಂಬದಿ ಸವಾರ ಆ ರಕ್ಷಣೆಯೊಳಗೆ ಬರುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತು. ಅಜ್ಜನ ಕಾಲದಿಂದ ಹೀಗೇ ಬಂದಿದ್ದೇವೆ, ಸಂತೆಗೆ, ಮದುವೆಗೆ, ಕೂಲಿಗೆ ಟ್ರ್ಯಾಕ್ಟರಿನಲ್ಲೇ ಹೋಗುತ್ತೇವೆ, ಏನೂ ಆಗಿಲ್ಲ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಸಾವಿರ ಸಲದಲ್ಲಿ ಬಹುಪಾಲು ಸಲ ಏನೂ ಆಗುವುದಿಲ್ಲ ಎನ್ನುವುದು ಸತ್ಯವೇ. ಆದರೆ ಅಜ್ಜನ ಕಾಲದ ರಸ್ತೆ ಬೇರೆ ಇತ್ತು. ಆಗ ಟ್ರ್ಯಾಕ್ಟರಿನ ಹಿಂದೆ ಬರುತ್ತಿದ್ದುದು ಇನ್ನೊಂದು ಚಕ್ಕಡಿ. ಈಗ ಬರುವುದು ನೂರರ ವೇಗದ ಕಾರು, ರಾತ್ರಿಯಿಡೀ ಓಡಿದ ಕಂಟೇನರ್. ಹಿಂದೆ ಎನ್‌ಎಚ್ 4 ಆಗಿದ್ದು ಈಗ 48 ಎಂದಾಗಿರುವ ಹೆದ್ದಾರಿ ಶಿಗ್ಗಾವಿ, ಬಂಕಾಪುರ, ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳನ್ನು ಒಂದೇ ದಾರಕ್ಕೆ ಪೋಣಿಸಿದೆ. ನಮ್ಮ ಕಾಲ್ದಾರಿಗಳಲ್ಲಿ ಹಲವು ಒಂದಲ್ಲ ಒಂದು ಕಡೆ ಅದನ್ನು ದಾಟುತ್ತವೆ. ಜೊತೆಗೆ ಇನ್ನೊಂದು ವ್ಯತ್ಯಾಸವಿದೆ. ಸಂತೆಗೆ ಹೋಗುವವನು ಬೆಳಿಗ್ಗೆ ಎಚ್ಚರವಿದ್ದು ಟ್ರೇಲರ್ ಹತ್ತುತ್ತಾನೆ, ಕೈ ಬಿಗಿಹಿಡಿದಿರುತ್ತಾನೆ. ಮೂರು ದಿನ ನಡೆದವನು ಹತ್ತಿದ ಐದು ನಿಮಿಷಕ್ಕೆ ತೂಕಡಿಸುತ್ತಾನೆ. ತೆರೆದ ಟ್ರೇಲರಿನ ಅಂಚಿಗೆ ಕೂತು ನಿದ್ದೆಗೆ ಜಾರಿದವನನ್ನು ಹಿಡಿಯಲು ಏನೂ ಇರುವುದಿಲ್ಲ. ಕರೆದವರ ಮನಸ್ಸು ನೋಯುತ್ತದೆ ಎನ್ನುವವರೂ ಇದ್ದಾರೆ. 'ಅಣ್ಣಾರ, ಹಿಂದ ನಮ್ಮ ಗಾಡಿ ಬರಾಕತ್ತೈತಿ, ನೀವು ನಡೀರಿ' ಎಂದರೆ ಯಾರ ಮನಸ್ಸೂ ನೋಯುವುದಿಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಬಸ್ಸೇ ಬರುವುದಿಲ್ಲವಲ್ಲ? ಹೋಬಳಿ ಮಟ್ಟದ ಹಳ್ಳಿಗಳಿಗೆ ಸಂಜೆಯ ನಂತರ ಬಸ್ಸು ವಿರಳ, ಕೆಲವಕ್ಕೆ ಕೊನೆಯ ಬಸ್ಸು ಆರೂವರೆಗೇ ಹೋಗಿಬಿಡುತ್ತದೆ. ಆದರೆ ಸಮಸ್ಯೆ ಬಸ್ಸು ಇಲ್ಲದಿರುವುದಕ್ಕಿಂತ ಅದರ ಹೊತ್ತು ಗೊತ್ತಿಲ್ಲದಿರುವುದು ಎನ್ನುವುದೇ ಹೆಚ್ಚು ಸರಿ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು ಹಳ್ಳಿಗೆ ಬಂದು ಹೋಗುವ ವೇಳೆ ವರ್ಷಗಟ್ಟಲೆ ಬಹುತೇಕ ಅದೇ ಇರುತ್ತದೆ. ಆ ಹಳ್ಳಿಯ ಚಹಾ ಅಂಗಡಿಯವರಿಗೆ ಅದು ಬಾಯಿಪಾಠ. ಹೊರಡುವ ಮೊದಲು ದಾರಿಯಲ್ಲಿ ಬರುವ ಮೂರು–ನಾಲ್ಕು ಕ್ರಾಸುಗಳನ್ನು ಗುರುತು ಮಾಡಿ, ಅಲ್ಲಿಂದ ಪೇಟೆಗೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಸವಣೂರು, ಹಾನಗಲ್ಲ ಅಥವಾ ಹಿರೇಕೆರೂರ ನಿಲ್ದಾಣದ ನಿಯಂತ್ರಕರ ಕೊಠಡಿಯಲ್ಲಿ ಕೇಳಿ ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧವನ್ನು ಹೊತ್ತಿನ ಶಿಸ್ತು ಮಾಡುತ್ತದೆ. ಇವತ್ತು ಪೇಟೆ ಸೇರಬೇಕೋ, ಇಲ್ಲೇ ಉಳಿಯಬೇಕೋ ಎನ್ನುವ ತೀರ್ಮಾನ ಮಧ್ಯಾಹ್ನದ ಊಟದ ಹೊತ್ತಿಗೆ ಆಗಿಬಿಡಬೇಕು. ಮಧ್ಯಾಹ್ನ ಮೂರಕ್ಕೆ ರಸ್ತೆಗೆ ಬಂದವನಿಗೆ ಬಸ್ಸು ತಪ್ಪಿದರೂ ಇನ್ನೊಂದು ಇದೆ. ಕತ್ತಲಾದ ಮೇಲೆ ಬಂದವನಿಗೆ ಟ್ರ್ಯಾಕ್ಟರ್ ಬಿಟ್ಟು ಬೇರೆ ಇಲ್ಲ. ತಪ್ಪಿಹೋದ ಸಂಜೆಯನ್ನು ಹಳ್ಳಿಯ ಗುಡಿಯ ಕಟ್ಟೆಯಲ್ಲೋ ಶಾಲೆಯ ಪಡಸಾಲೆಯಲ್ಲೋ ಕಳೆದು ಬೆಳಗಿನ ಮೊದಲ ಬಸ್ಸು ಹಿಡಿಯುವುದರಲ್ಲಿ ಅವಮಾನವೇನೂ ಇಲ್ಲ. ಪಾದಯಾತ್ರಿಗೆ ಮಲಗಲು ಜಾಗ ಕೊಡದ ಹಳ್ಳಿ ನಮ್ಮ ಕಡೆ ಸಿಗುವುದು ಕಷ್ಟ.

ಗುಂಪು ದೊಡ್ಡದಿದ್ದರೆ ಇನ್ನೂ ಒಳ್ಳೆಯ ದಾರಿ ಇದೆ, ಅದನ್ನು ಬಳಸುವವರು ಮಾತ್ರ ಕಡಿಮೆ. ಸಾರಿಗೆ ಸಂಸ್ಥೆ ಸಾಂದರ್ಭಿಕ ಒಪ್ಪಂದದ ಮೇಲೆ ಇಡೀ ಬಸ್ಸನ್ನೇ ಕೊಡುತ್ತದೆ. ನಲವತ್ತು–ಐವತ್ತು ಜನ ಹಂಚಿಕೊಂಡರೆ ತಲೆಗೆ ಬೀಳುವ ಖರ್ಚು ಟಿಟಿಗಿಂತ ಬಹಳ ಹೆಚ್ಚಾಗದು. ದೊಡ್ಡ ಜಾತ್ರೆಗಳಿಗೆ ಸಂಸ್ಥೆಯೇ ವಿಶೇಷ ಬಸ್ಸು ಬಿಡುತ್ತದೆ. ಆದರೆ ಅವು ಜಾತ್ರೆಯ ಜಾಗದಿಂದ ಪೇಟೆಗಳಿಗೆ ಓಡುತ್ತವೆಯೇ ಹೊರತು ನಡುವಿನ ಕ್ರಾಸಿನಲ್ಲಿ ಕೈ ಮಾಡಿದವರಿಗೆ ನಿಲ್ಲುವುದು ಅಪರೂಪ. ಚಿಕ್ಕ ಗುಂಪಿಗೆ ಟಂಟಂ, ಕ್ರೂಸರ್ ಇವೆ. ಇಲ್ಲಿ ಹಳದಿ ನಂಬರ್ ಪ್ಲೇಟ್ ನೋಡಿ ಮೋಸ ಹೋಗಬಾರದು, ಸರಕಿನ ವಾಹನಕ್ಕೂ ಅದೇ ಹಳದಿ. ನೋಡಬೇಕಾದದ್ದು ಸೀಟು ಇದೆಯೇ, ಚಾಲಕನ ಎಡಬಲಕ್ಕೆ ಜನ ತೂಗಿ ಕೂತಿದ್ದಾರೆಯೇ, ಹಿಂದಿನ ಏಣಿಯ ಮೇಲೆ ಯಾರಾದರೂ ನಿಂತಿದ್ದಾರೆಯೇ ಎಂಬುದನ್ನು. ಚಾಲಕನ ಹ್ಯಾಂಡಲ್ಲಿಗೇ ಮೊಣಕೈ ತಾಗುವಂತೆ ಜನ ಕೂತ ಟಂಟಂ ಪ್ರಯಾಣಿಕರ ವಾಹನವಾಗಿದ್ದೂ ಅಲ್ಲದಂತೆ. ಹತ್ತುವ ಮೊದಲೇ ದರ ಮಾತಾಡಿ, ವಾಹನದ ನಂಬರನ್ನು ಫೋಟೊ ತೆಗೆದು ಮನೆಯವರಿಗೆ ಕಳಿಸಿ. ಇದು ಅಪನಂಬಿಕೆಯಲ್ಲ. ಬಡಿದು ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸರ್ಕಾರದ ಯೋಜನೆಯಿಂದ ಸಿಗುವುದು ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಮಾತ್ರ. ನಂಬರ್ ಗೊತ್ತಿದ್ದರೆ ವಿಮೆಯ ದಾರಿ ತೆರೆದುಕೊಳ್ಳುತ್ತದೆ. ಆದ್ದರಿಂದ ರಸ್ತೆಯಲ್ಲಿ ನಡೆಯುವಾಗಲೂ ಗುಂಪಿನ ಹಿಂದಿರುವ ಒಬ್ಬರಿಗೆ ನಂಬರ್ ನೋಡುವ ಕೆಲಸ ವಹಿಸಬಹುದು.

ಹೆದ್ದಾರಿಯ ಬದಿ ನಿಂತು ಬಸ್ಸಿಗೆ ಕೈ ಮಾಡುವುದು ಬೇರೆಯೇ ವಿದ್ಯೆ. ವೇಗದೂತ ಬಸ್ಸುಗಳು ಪ್ರತಿ ಕ್ರಾಸಿನಲ್ಲಿ ನಿಲ್ಲುವುದಿಲ್ಲ. ನಿಲ್ಲಲಿ ಎಂದು ಜನ ರಸ್ತೆಯೊಳಗೆ ಎರಡು ಹೆಜ್ಜೆ ಇಳಿಯುತ್ತಾರೆ, ಅನಾಹುತ ಆಗುವುದೇ ಅಲ್ಲಿ. ಸರ್ವಿಸ್ ರಸ್ತೆಯಿರುವ ಕಡೆ ಅಲ್ಲಿಯೇ ನಿಲ್ಲಬೇಕು, ಫ್ಲೈಓವರಿನ ಮೇಲೆ ಅಥವಾ ಅದರ ಇಳಿಜಾರಿನಲ್ಲಿ ನಿಲ್ಲಲೇಬಾರದು. ನಡುವಿನ ಕಬ್ಬಿಣದ ಬೇಲಿ ದಾಟಿ ಆ ಕಡೆ ಹೋಗುವುದಕ್ಕಿಂತ ಒಂದು ಕಿಲೋಮೀಟರ್ ಸುತ್ತಿ ಅಂಡರ್‌ಪಾಸ್ ಮೂಲಕ ಹೋಗುವುದೇ ಲೇಸು. ಬಂಕಾಪುರ, ಶಿಗ್ಗಾವಿ, ತಡಸದಂಥ ನಿಲುಗಡೆ ಖಾತ್ರಿಯಿರುವ ಕಡೆವರೆಗೆ ಹಳ್ಳಿ ಬಸ್ಸಿನಲ್ಲಿ ಹೋಗಿ, ಅಲ್ಲಿ ಬಸ್ಸು ಬದಲಿಸಿದರೆ ಅರ್ಧ ತಾಸು ಹೆಚ್ಚು ಹೋದೀತು, ಅಷ್ಟೇ. ಸವಣೂರು ಭಾಗದವರಿಗೆ ಯಲವಿಗಿಯ ರೈಲು ನಿಲ್ದಾಣವೂ ಇದೆ. ಹುಬ್ಬಳ್ಳಿ ಕಡೆಯಿಂದ ಮರಳುವವರು ಹಗಲಿನ ಪ್ಯಾಸೆಂಜರ್ ಗಾಡಿಯನ್ನು ಮರೆಯಬಾರದು.

ಉಳವಿಯ ದಾರಿಗೆ ಈ ಮಾತು ಇನ್ನೂ ಬಲವಾಗಿ ಅನ್ವಯಿಸುತ್ತದೆ. ಧಾರವಾಡ, ಹಳಿಯಾಳ, ದಾಂಡೇಲಿ ದಾಟಿದ ಮೇಲೆ ಜೊಯಿಡಾ ತಾಲ್ಲೂಕಿನ ಕಾಡು ಶುರು. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸೀಮೆ, ಮೊಬೈಲ್ ಸಿಗ್ನಲ್ ಬಂದು ಬಂದು ಹೋಗುತ್ತದೆ. ಜಾತ್ರೆಯ ದಿನಗಳಲ್ಲಿ ಅಲ್ಲಿಯ ಒಂದೊಂದು ತಿರುವಿನಲ್ಲೂ ಚಕ್ಕಡಿ, ಬಸ್ಸು, ಜೀಪು, ನಡೆದು ಹೋಗುವವರು ಒಟ್ಟಿಗೆ ಸೇರುತ್ತಾರೆ. ದಾಂಡೇಲಿಯೇ ಈ ದಾರಿಯ ಕೊನೆಯ ದೊಡ್ಡ ಪೇಟೆ, ದೊಡ್ಡ ಆಸ್ಪತ್ರೆ, ಔಷಧ ಅಂಗಡಿ ಎಲ್ಲ ಅಲ್ಲಿಗೆ ಮುಗಿದಂತೆ. ಕಾಲು ಬಾತವರು, ಜ್ವರ ಬಂದವರು, ಸಕ್ಕರೆ ಕಾಯಿಲೆಯವರಲ್ಲಿ ಪಾದಕ್ಕೆ ಹುಣ್ಣು ಬಿದ್ದವರು ಮುಂದೆ ಹೋಗಬೇಕೋ ಬೇಡವೋ ಎಂದು ದಾಂಡೇಲಿಯಲ್ಲೇ ನಿರ್ಧರಿಸಬೇಕು, ಕಾಡಿನ ನಡುವೆ ಅಲ್ಲ. ರಥ ಎಳೆದ ರಾತ್ರಿಯೇ ಮರಳಿ ಹೊರಡುವ ಆತುರವನ್ನೂ ಬಿಡಬೇಕು. ಆ ರಾತ್ರಿ ಇಡೀ ಕಾಡಿನ ರಸ್ತೆಯ ತುಂಬ ದಣಿದ ಚಾಲಕರೇ ಇರುತ್ತಾರೆ.

ಶ್ರೀಶೈಲದ್ದು ಇನ್ನೊಂದು ಬಗೆ. ನಮ್ಮ ಉತ್ತರದ ಜಿಲ್ಲೆಗಳಿಂದ ಕಂಬಿ ಹೊತ್ತು ಹೋಗುವ ಸಾವಿರಾರು ಮಂದಿ ಆಂಧ್ರದ ಆತ್ಮಕೂರಿನವರೆಗೆ ರಸ್ತೆಯಲ್ಲಿ ನಡೆದು, ವೆಂಕಟಾಪುರದಿಂದ ಕಾಡು ಹೊಗುತ್ತಾರೆ. ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರ ಎಂದು ಸಾಗುವ ಈ ದಾರಿ ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಮೀಸಲಿನೊಳಗಿನದು, ಅದು ದೇಶದಲ್ಲೇ ಅತಿ ದೊಡ್ಡ ಹುಲಿ ಮೀಸಲು. ಯುಗಾದಿಯ ಹೊತ್ತಿಗೆ ಅಲ್ಲಿ ಬಿಸಿಲು ನಲವತ್ತರ ಆಸುಪಾಸು. ಭೀಮನಕೊಳ್ಳದಲ್ಲಿ ಕಲ್ಲಿನ ಇಳಿಜಾರು ಇಳಿದು ಮತ್ತೆ ಏರಬೇಕು. ಈ ತುಂಡಿನಲ್ಲಿ ಬಸ್ಸಿನ ರಸ್ತೆಗೆ ಸುಲಭವಾಗಿ ತಿರುಗಿಕೊಳ್ಳುವ ಅಡ್ಡದಾರಿ ಇಲ್ಲ. ಆದ್ದರಿಂದ ನಡಿಗೆ ಬಿಡುವ ಕೊನೆಯ ಸುರಕ್ಷಿತ ಜಾಗ ವೆಂಕಟಾಪುರ. ಅಲ್ಲಿ ಅನುಮಾನ ಬಂದವರು ಆತ್ಮಕೂರಿಗೆ ಮರಳಿ ದೋರ್ನಾಲ ಮಾರ್ಗವಾಗಿ ಬಸ್ಸಿನಲ್ಲೇ ಶ್ರೀಶೈಲ ಸೇರಬಹುದು, ಗುಂಪಿನ ಉಳಿದವರನ್ನು ದೇವಸ್ಥಾನದ ಮುಂದೆಯೇ ಕೂಡಿಕೊಳ್ಳಬಹುದು. ಮರಳುವಾಗ ನೆನಪಿಡಬೇಕಾದ್ದು, ಸಾಮಾನ್ಯ ದಿನಗಳಲ್ಲಿ ಈ ಕಾಡಿನ ರಸ್ತೆಯ ಗೇಟುಗಳನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಾರೆ. ಎಂಟೂವರೆಗೆ ಶ್ರೀಶೈಲ ಬಿಟ್ಟ ಖಾಸಗಿ ವಾಹನ ಗೇಟಿನ ಆಸೆಗೆ ಘಟ್ಟದ ತಿರುವುಗಳಲ್ಲಿ ಓಡುವ ಪರಿ ನೆನೆದರೆ, ಬೆಳಿಗ್ಗೆ ಹೊರಡುವುದೇ ಮೇಲು. ಬಸ್ಸು ಬೇಡವೆಂದರೆ ದೋರ್ನಾಲದ ಮೂಲಕ ಮಾರ್ಕಾಪುರ ರೋಡ್ ರೈಲು ನಿಲ್ದಾಣ ಸೇರಿ, ನರಸಾಪುರ–ಹುಬ್ಬಳ್ಳಿ ಅಮರಾವತಿ ಎಕ್ಸ್‌ಪ್ರೆಸ್ ಹಿಡಿಯಬಹುದು. ಮಹಿಳೆಯರಿಗೆ ಒಂದು ಮಾತು: 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಿಗೆ ಮಾತ್ರ. ಅಂತರರಾಜ್ಯ ಬಸ್ಸಿಗೆ ಟಿಕೆಟ್ ತೆಗೆಸಲೇಬೇಕು. ರೊಕ್ಕ ಮುಗಿದು ನಿಂತವರೇ ಲಾರಿ ಹತ್ತುವುದು ಹೆಚ್ಚು, ಹಾಗಾಗಿ ಇದನ್ನು ಮೊದಲೇ ತಿಳಿದಿರಬೇಕು.

ಕಾಲ್ದಾರಿಯಿಂದ ಪೇಟೆಗೆ ಹೋಗುವ ತಾಪತ್ರಯ ನಮ್ಮದೊಂದೇ ಅಲ್ಲ. ಅಮೆರಿಕದ ಪೂರ್ವ ಭಾಗದಲ್ಲಿ 14 ರಾಜ್ಯಗಳನ್ನು ಹಾದು ಸುಮಾರು 3,500 ಕಿಲೋಮೀಟರ್ ಉದ್ದಕ್ಕೆ ಸಾಗುವ ಅಪಲೇಚಿಯನ್ ಚಾರಣಪಥದಲ್ಲಿ ನಡೆಯುವವರು ಊಟದ ಸಾಮಾನಿಗಾಗಿ ಕೆಲವು ದಿನಕ್ಕೊಮ್ಮೆ ಪೇಟೆಗೆ ಇಳಿಯಲೇಬೇಕು. ಅಲ್ಲಿನ ಮಾರ್ಗದರ್ಶಿ ಪುಸ್ತಕಗಳಲ್ಲಿ ಪಥ ರಸ್ತೆಯನ್ನು ದಾಟುವ ಒಂದೊಂದು ಜಾಗದಲ್ಲೂ ಪೇಟೆ ಯಾವ ದಿಕ್ಕಿಗೆ, ಎಷ್ಟು ದೂರ ಎಂದು ನಮೂದಿಸಿರುತ್ತಾರೆ. ಬಾಡಿಗೆಗೆ ಕರೆದೊಯ್ಯುವವರ ಪಟ್ಟಿಯೂ ಸಿಗುತ್ತದೆ. ನಮ್ಮ ಹಾದಿಗಳಿಗೆ ಇದನ್ನು ಮಾಡಲು ದೊಡ್ಡ ಸಂಸ್ಥೆ ಬೇಕಿಲ್ಲ. ಊರಿನ ಪಾದಯಾತ್ರಾ ಸಮಿತಿ ಕೈಬರಹದ ಒಂದು ಹಾಳೆ ಮಾಡಿ ಝೆರಾಕ್ಸ್ ತೆಗೆಸಿದರೆ ಸಾಕು.

ಆರೋಗ್ಯ ಕೆಟ್ಟು ದಾರಿ ಬಿಡಬೇಕಾದಾಗ ಆತುರವೇ ದೊಡ್ಡ ಶತ್ರು. ಬಿಸಿಲು ಬಡಿದು ಮಾತು ತೊದಲುತ್ತಿರುವವರನ್ನು ನಡುಮಧ್ಯಾಹ್ನ ತೆರೆದ ಟ್ರೇಲರಿನಲ್ಲಿ ಹಾಕಿಕೊಂಡು ಪೇಟೆಗೆ ಓಡುವುದು ರೋಗವನ್ನು ಹೆಚ್ಚಿಸಿದಂತೆಯೇ. ಮೊದಲು ನೆರಳು, ಮೈಮೇಲೆ ನೀರು, ಗಾಳಿ. ಜೊತೆಯಲ್ಲೇ 108ಕ್ಕೆ ಕರೆ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು. ಹಾವು ಕಚ್ಚಿದವರನ್ನು ರಸ್ತೆಯವರೆಗೆ ನಡೆಸಲೇಬಾರದು, ಕಚ್ಚಿದ ಕಾಲನ್ನು ಕೋಲು ಕಟ್ಟಿ ಅಲುಗದಂತೆ ಮಾಡಿ ಹೊತ್ತೊಯ್ಯಬೇಕು, ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಬೇಡ. 108 ಸೇವೆ ಕರ್ನಾಟಕದಲ್ಲಿ 2008ರಿಂದ ಇದೆ, ಆಂಧ್ರದಲ್ಲಿ ಅದಕ್ಕೂ ಮೊದಲಿನಿಂದ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಕಡೆಯೂ ಬೇರೆ ಕಂಪನಿಯ ಗೋಪುರ ಸಿಕ್ಕರೆ 112ಕ್ಕೆ ಕರೆ ಹೋಗುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033 ಇದೆ. ಆಂಬುಲೆನ್ಸ್ ಬರುವುದು ತಡವಾಗುವ ಕಡೆ ಕಾರಿನವರೊಬ್ಬರನ್ನು ನಿಲ್ಲಿಸಬೇಕಾಗುತ್ತದೆ, ಅವರಿಗೆ ಪೊಲೀಸ್ ಕೇಸಿನ ಅಂಜಿಕೆ. ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ತಡೆದು ಕೂರಿಸುವಂತಿಲ್ಲ, ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ ಎಂಬ ರಕ್ಷಣೆಗೆ 2016ರಲ್ಲಿ ಸುಪ್ರೀಂ ಕೋರ್ಟಿನ ಮುದ್ರೆ ಬಿತ್ತು, 2019ರ ತಿದ್ದುಪಡಿಯಲ್ಲಿ ಅದು ಮೋಟಾರು ವಾಹನ ಕಾಯಿದೆಯೊಳಗೇ ಸೇರಿತು. ಈ ಒಂದು ಮಾತನ್ನು ಹೇಳಿದರೆ ಗಾಡಿ ನಿಲ್ಲಿಸಿದವರು ಹಿಂಜರಿಯುವುದಿಲ್ಲ.

ಕೊನೆಯ ಆಕ್ಷೇಪ ಮನಸ್ಸಿನದು. ನಡುವೆ ವಾಹನ ಹತ್ತಿದರೆ ಹರಕೆ ಮುರಿದಂತಾಗುವುದಿಲ್ಲವೇ? ಬಾತ ಕಾಲನ್ನು ಎಳೆದುಕೊಂಡು ಕತ್ತಲಲ್ಲಿ ನಡೆಯುವವರಲ್ಲಿ ಬಹುಮಂದಿ ಹಾಗೆ ಮಾಡುವುದು ಈ ಅಳುಕಿನಿಂದಲೇ. ಆದರೆ ರೂಢಿಯನ್ನೇ ಗಮನಿಸಿದರೆ ಅದು ಇಷ್ಟು ಬಿಗಿಯಾಗಿಲ್ಲ. ಹೋಗುವಾಗ ನಡೆದು ಬರುವಾಗ ಬಸ್ಸಿನಲ್ಲಿ ಮರಳುವುದನ್ನು ಯಾರೂ ತಪ್ಪೆನ್ನುವುದಿಲ್ಲ. ಈ ವರ್ಷ ಆಗದ್ದನ್ನು ಮುಂದಿನ ವರ್ಷಕ್ಕೆ ಬೇಡಿಕೊಳ್ಳುವುದು, ಉಳಿದ ದಾರಿಯನ್ನು ಮನೆಯ ಇನ್ನೊಬ್ಬರು ನಡೆದು ಮುಗಿಸುವುದು ಎಲ್ಲರೂ ಒಪ್ಪಿದ ಮಾತೇ. ವ್ರತದ ವಿಚಾರದಲ್ಲಿ ಹೊರಗಿನವರ ತೀರ್ಪು ನಡೆಯುವುದಿಲ್ಲ, ಅದು ನಡೆಯುವವರಿಗೂ ಅವರ ದೇವರಿಗೂ ಬಿಟ್ಟದ್ದು. ಗುಂಪಿನ ಹಿರಿಯರು ಮಾತ್ರ ಇಲ್ಲಿ ಒಂದು ಕೆಲಸ ಮಾಡಬಹುದು. ಹೊರಡುವ ದಿನ, ಪೂಜೆ ಮುಗಿದು ಎಲ್ಲರೂ ಕೂತಿರುವಾಗಲೇ, 'ಯಾರಿಗರ ಆಗಲಿಲ್ಲಂದ್ರ ದಾಂಡೇಲಿಯೊಳಗ ಬಸ್ ಹತ್ತಬೇಕು, ಅದಕ್ಕ ಯಾರೂ ಏನೂ ಅನ್ನಂಗಿಲ್ಲ' ಎಂದು ಹೇಳಿಬಿಡುವುದು. ಹಿರಿಯರ ಬಾಯಿಂದ ಬಂದ ಮಾತಿಗೆ ಇರುವ ಬಲ ಈ ಲೇಖನಕ್ಕೆ ಇಲ್ಲ.

ಯಾರೇ ಆಗಲಿ, ಅದರಲ್ಲೂ ಹೆಣ್ಣುಮಕ್ಕಳು, ಗುಂಪಿನಿಂದ ಬೇರೆಯಾಗಿ ಪೇಟೆಗೆ ಹೋಗಬೇಕಾದಾಗ ಜೊತೆಗೆ ಇನ್ನೊಬ್ಬರನ್ನು ಕರೆದುಕೊಳ್ಳಲಿ. ಒಬ್ಬರ ಕಾಲು ಕೆಟ್ಟರೆ ಇಬ್ಬರು ದಾರಿ ಬಿಡುವುದು ನಿಯಮವಾಗಲಿ, ಇದು ಖಾಸಗಿ ವಾಹನಕ್ಕೆ ಮಾತ್ರವಲ್ಲ, ಬಸ್ಸಿಗೂ ಅನ್ವಯಿಸುತ್ತದೆ. ಮೊಬೈಲು ಸತ್ತಾಗ ಊರಿನ ಸಂಖ್ಯೆಗಳು ತಲೆಯಲ್ಲಿ ಉಳಿದಿರುವುದಿಲ್ಲ. ಮನೆಯ ಎರಡು ಸಂಖ್ಯೆ, ಗುಂಪಿನ ಮುಂದಾಳುವಿನ ಸಂಖ್ಯೆ, ರಕ್ತದ ಗುಂಪು, ನಿತ್ಯದ ಗುಳಿಗೆಯ ಹೆಸರು ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಆಧಾರ್ ಕಾರ್ಡಿನೊಟ್ಟಿಗೆ ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು. ಆಧಾರ್ ಕಾರ್ಡು ಶಕ್ತಿ ಟಿಕೆಟ್ಟಿಗೂ ಬೇಕು, ಆಸ್ಪತ್ರೆಗೂ ಬೇಕು. ಮರಳುವ ಬಸ್ಸಿನ ರೊಕ್ಕವನ್ನು ಬೇರೆ ಗಂಟಿನಲ್ಲಿ ಕಟ್ಟಿ, ಜಾತ್ರೆಯ ಪೇಟೆಯಲ್ಲಿ ಬಿಚ್ಚದಂತೆ ಗುಂಪಿನಲ್ಲಿ ಕೈ ಬಿಗಿಯಾದ ಒಬ್ಬರ ವಶಕ್ಕೆ ಕೊಡುವುದು ಒಳ್ಳೆಯದು. ಅಂಥವರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ.